ತಂಗಿಯ ಗಾದರಿ ಜರ್ಮನಿಗೆ ಹೋದದ್ದು

ಕೊಪ್ಪಳ

ಜರ್ಮನಿಗೆ ಹೋಗಿ ಬಂದೆ ಅಂದರೆ ಸಾಕು, ನಮ್ಮ ಕಡೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಚಳಿ ಎಷ್ಟಿತ್ತು, ಊಟಕ್ಕೆ ಏನು ಮಾಡಿದಿ. ಚಳಿ ಸಿಕ್ಕಾಪಟ್ಟೆ ಇತ್ತು. ಊಟಕ್ಕೆಂದು ಒಯ್ದ ಖಡಕ್ ರೊಟ್ಟಿ ಪೆಟ್ಟಿಗೆಯಲ್ಲೇ ಪುಡಿಪುಡಿಯಾಗಿತ್ತು. ಆ ಪುಡಿಗೆ ಶೇಂಗಾ ಚಟ್ನಿ ಕಲಸಿ ಚಮಚದಿಂದ ತಿಂದೆ. ಯಾರೂ ಕೇಳದ ಮೂರನೆಯ ಸಂಗತಿಯನ್ನು ನಾನೇ ಹೇಳಬೇಕು. ನನ್ನ ಕೈಚೀಲದಲ್ಲಿ ನನ್ನ ತಂಗಿಯ ಚರ್ಮದ ಒಂದು ಚೂರು ಇತ್ತು.

ಗಾಬರಿ ಬೇಡ. ನಾನು ಕೊಪ್ಪಳದ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನಿಶಿಯನ್. ರೋಗಿಯ ಮೈಯಿಂದ ತೆಗೆದ ಸಣ್ಣ ತುಣುಕನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, ಆ ಬಿಲ್ಲೆಯನ್ನು ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಹೆರೆದು, ಗಾಜಿನ ಪಟ್ಟಿಗೆ ಅಂಟಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಡುವುದು ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಕಂಡದ್ದನ್ನು ಇದೆ ಅನ್ನುತ್ತೇನೆ, ಕಾಣದ್ದನ್ನು ಇಲ್ಲ ಅನ್ನುತ್ತೇನೆ ಎಂಬ ಜಂಬವೂ ನನಗೆ ಸಾಕಷ್ಟಿತ್ತು.

ತಂಗಿ ಶಾರದಾ ಇರುವುದು ಗಂಗಾವತಿಯಲ್ಲಿ. ಅವಳ ಗಂಡ ಅಲ್ಲಿ ಅಕ್ಕಿ ಗಿರಣಿಯೊಂದರಲ್ಲಿ ಮೆಕ್ಯಾನಿಕ್. ಅತ್ತೆಯ ಮನೆ ಮಂಗಳೂರು, ಕಡಲ ಬದಿಯದಲ್ಲ, ಯಲಬುರ್ಗಾ ಕಡೆಯ ಹಳ್ಳಿ. ಪಂಚಮಿಗೆ, ದೀಪಾವಳಿಗೆ, ಯುಗಾದಿಗೆ ಹದಿನಾರು ಹದಿನೇಳು ಮಂದಿ ಸೇರುವ ಆ ಮನೆಗೆ ಹೋದಾಗೆಲ್ಲ ಶಾರದಾಳ ಮೈತುಂಬ ಗಾದರಿ ಏಳುತ್ತಿದ್ದವು. ಕೆಂಪಗೆ, ದಪ್ಪಗೆ, ಒಂದೊಂದು ಚಕ್ಕುಲಿಯಷ್ಟು ಅಗಲ. ಉರಿ ಬೇರೆ, ತುರಿಕೆ ಬೇರೆ. ಅದಕ್ಕೆ ನಮ್ಮಲ್ಲಿ ಪಿತ್ತ ಅನ್ನುತ್ತಾರೆ.

"ಹಬ್ಬ ಬಂದಾಗಷ್ಟ ಬರ್ತೈತಿ ನೋಡ್ರಿ ಈಕಿ ಪಿತ್ತ," ಎಂದು ಅವಳ ಅತ್ತೆ ಮನೆಗೆ ಬಂದವರ ಮುಂದೆಲ್ಲ ನಗುತ್ತ ಹೇಳುತ್ತಿದ್ದರು. ಕೆಲಸ ತಪ್ಪಿಸಿಕೊಳ್ಳುವ ನೆವ ಎಂಬುದು ಆ ಮಾತಿನ ಅರ್ಥ.

ಕುಷ್ಟಗಿಯಲ್ಲಿರುವ ನಮ್ಮವ್ವ ಒಮ್ಮೆ ಸುದ್ದಿ ಕೇಳಿ ಮಂಗಳೂರಿಗೆ ಓಡಿಬಂದಳು, ನಾನೂ ಹೋದೆ. ಪಿತ್ತ ಎದ್ದರೆ ಕರಿ ಕಂಬಳಿಯಿಂದ ಗಸಗಸ ಉಜ್ಜುವುದು ನಮ್ಮ ಮನೆಯ ಮದ್ದು. ಅವ್ವ ಉಜ್ಜಿದಳು, ನಾನು ಶಾರದಾಳ ಎರಡೂ ಕೈ ಹಿಡಿದುಕೊಂಡೆ. "ಬಿಡ್ರಬೇ, ಉರಿತೈತಿ, ಬಿಡ್ರಿ" ಎಂದು ಅವಳು ಚೀರಿದಳು. ನಾವು ಬಿಡಲಿಲ್ಲ. ಗಾದರಿ ಇನ್ನಷ್ಟು ಎದ್ದವು. "ನೋಡು, ಒಳಗಿಂದೆಲ್ಲಾ ಹೊರಗ ಬಿತ್ತು" ಅಂದಳು ಅವ್ವ, ಸಮಾಧಾನದಿಂದ.

ಅದಾಗಿ ಎರಡು ದಿನಕ್ಕೆ ಶಾರದಾ ನಮ್ಮ ಲ್ಯಾಬಿಗೆ ಬಂದಳು. ಬಂದಾಗ ಮೈಮೇಲೆ ಒಂದೂ ಇರಲಿಲ್ಲ. "ಮುಂಜಾನೆ ಇದ್ದುವಕ್ಕಾ, ದೇವರಾಣಿ" ಅಂದಳು. ಡಾಕ್ಟರ್ ಮೇಡಂ ಬೆನ್ನಿನಿಂದ ಒಂದು ಚೂರು ತೆಗೆದರು. ನಾನೇ ಹೆರೆದೆ, ನಾನೇ ಬಣ್ಣ ಹಾಕಿದೆ, ಮೇಡಮ್ಮಿಗಿಂತ ಮೊದಲು ನಾನೇ ಇಣುಕಿದೆ. ರಿಪೋರ್ಟಿನಲ್ಲಿ ವಿಶೇಷವೇನೂ ಕಾಣಲಿಲ್ಲ ಎಂದು ಮೇಡಂ ಬರೆದರು. ನಾನು ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಇರಲಿಲ್ಲ. ಮಂಗಳೂರಿಗೆ ಹೋಗಿ, ಅವಳ ಗಂಡನ ಮನೆಯ ಪಡಸಾಲೆಯಲ್ಲಿ, ಹಿರಿಯರ ಮುಂದೆ ಕೂತು ಹೇಳಿದೆ: "ಈಕಿಗೇನೂ ಆಗಿಲ್ರಿ. ನಾನೇ ಕಣ್ಣಾರೆ ನೋಡೀನಿ. ಎಲ್ಲಾ ಮನಸಿಂದು."

ಶಾರದಾ ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು. ಅದಾದ ಮೇಲೆ ಎರಡು ಪಂಚಮಿ ಕಳೆದವು. ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ಫೋನ್ ಮಾಡಿದರೆ ಹೂಂ, ಉಹೂಂ, ಅಷ್ಟೇ. ನನಗಿರುವವಳು ಒಬ್ಬಳೇ ತಂಗಿ. ಅವಳು ಮಾತು ಬಿಟ್ಟದ್ದು ನನಗೆ ಒಂದು ಕೈ ಬಿದ್ದುಹೋದಂತೆ ಆಗಿತ್ತು. ಆದರೂ ತಪ್ಪು ಅವಳದೇ ಎಂದು ನಾನು ಹಟ ಹಿಡಿದಿದ್ದೆ.

ಹಾಗಿರುವಾಗ ಮೇಡಮ್ಮಿನ ಹಳೆಯ ಸಹಪಾಠಿಯೊಬ್ಬರು ಜರ್ಮನಿಯಿಂದ ಬರೆದರು. ಚರ್ಮದ ತುಣುಕಿಗೆ ಹೊಸ ಹೊಸ ಬಣ್ಣ ಹಾಕುವುದನ್ನು ಎರಡು ವಾರ ಕಲಿಸುತ್ತಾರಂತೆ, ನಿಮ್ಮ ಟೆಕ್ನಿಶಿಯನ್ ಒಬ್ಬರನ್ನು ಕಳಿಸಿ ಎಂದು. ಹೋಗುವಾಗ ಹಳೆಯ ಮೇಣದ ಬಿಲ್ಲೆ ನಾಲ್ಕು ಒಯ್ಯಬೇಕಿತ್ತು. ಮೂರನ್ನು ಕಪಾಟಿನಿಂದ ಕೈಗೆ ಸಿಕ್ಕಂತೆ ತೆಗೆದೆ. ನಾಲ್ಕನೆಯದು ಶಾರದಾಳದು. ಅವಳನ್ನು ಕೇಳಲಿಲ್ಲ. ನಾನು ಹೇಳಿದ್ದೇ ಸರಿ ಎಂದು ಅಷ್ಟು ದೂರದ ಜಾಣರ ಬಾಯಿಂದಲೂ ಹೇಳಿಸಬೇಕು ಎಂಬ ಕೆಟ್ಟ ಆಸೆ ನನಗಿತ್ತು.

ಹೊರಡುವಾಗ ಅವ್ವ ಅದೇ ಕಂಬಳಿಯನ್ನು ಪೆಟ್ಟಿಗೆಗೆ ತುರುಕಿದಳು. "ಥಂಡಿ ದೇಶ. ಇರಲಿ," ಅಂದಳು.

ವಿಮಾನ ನಿಲ್ದಾಣ

ಇಳಿದ ಮೇಲೆ ಅಧಿಕಾರಿಯೊಬ್ಬ ನನ್ನ ಚೀಲ ತೆರೆಸಿದ. ಮೇಣದ ಬಿಲ್ಲೆಗಳ ಡಬ್ಬಿಯನ್ನು ಬೆಳಕಿಗೆ ಹಿಡಿದು, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಚರ್ಮ," ಅಂದೆ.

"ಯಾವ ಪ್ರಾಣಿಯದು?"

"ಮನುಷ್ಯರದು."

ಅವನ ಹುಬ್ಬು ಮೇಲೆ ಹೋಯಿತು. "ಯಾರದು?"

ರೋಗಿಗಳದು ಅಂದಿದ್ದರೆ ಮುಗಿಯುತ್ತಿತ್ತು. ಹದಿನಾಲ್ಕು ತಾಸು ನಿದ್ದೆಯಿಲ್ಲದ ನನ್ನ ಬಾಯಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿತು. "ಇದು ನನ್ನ ತಂಗಿಯದು."

ಅವನು ಇನ್ನಿಬ್ಬರನ್ನು ಕರೆದ. ಮೂವರೂ ಡಬ್ಬಿ ನೋಡಿದರು, ನನ್ನನ್ನು ನೋಡಿದರು. ನಿಮ್ಮ ತಂಗಿ ಬದುಕಿದ್ದಾರೆಯೇ ಎಂದು ಅವರಲ್ಲಿ ಹೆಂಗಸು ಅಧಿಕಾರಿ ಬಹಳ ಮೆಲ್ಲಗೆ ಕೇಳಿದಳು. ಬದುಕಿದ್ದಾಳೆ, ನನ್ನ ಜೊತೆ ಮಾತಾಡುವುದಿಲ್ಲ ಅಷ್ಟೇ, ಅಂದೆ. ಕೊನೆಗೆ ಮೇಡಂ ಕೊಟ್ಟಿದ್ದ ಕಾಗದ ಸಿಕ್ಕಿತು. ಬಿಟ್ಟರು. ರೊಟ್ಟಿ ಪುಡಿಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಮೊದಲ ವಾರ

ಆ ಊರಿನ ಹೆಸರು ನನಗೆ ಇವತ್ತಿಗೂ ಸರಿಯಾಗಿ ಉಚ್ಚರಿಸಲು ಬರುವುದಿಲ್ಲ, ಹಾಗಾಗಿ ಬಿಡುತ್ತೇನೆ. ಗಂಗಾವತಿಗಿಂತ ದೊಡ್ಡದು, ಸದ್ದು ಮಾತ್ರ ನಮ್ಮ ಹೊಲದ ನಡುವೆ ನಿಂತಷ್ಟು. ರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ, ದೂರದವರೆಗೂ ಇಲ್ಲ. ಆದರೂ ಕೆಂಪು ದೀಪ ಇದೆ ಎಂದು ಐದಾರು ಜನ ಚಳಿಯಲ್ಲಿ ಸುಮ್ಮನೆ ನಿಂತಿರುತ್ತಾರೆ. ನಾನು ದಾಟಿದೆ. ಹಿಂದಿನಿಂದ ಒಬ್ಬ ಅಜ್ಜಿ ಗದರಿಸಿದಳು. ಭಾಷೆ ತಿಳಿಯದಿದ್ದರೂ ಬೈಗುಳ ತಿಳಿಯಿತು. ಮರುದಿನದಿಂದ ನಾನೂ ನಿಂತೆ.

ಬಸ್ಸಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಕೊಪ್ಪಳದಿಂದ ಗಂಗಾವತಿ ಬಸ್ ಹತ್ತಿದರೆ ಬೂದಗುಂಪಾ ಕ್ರಾಸ್ ಬರುವಷ್ಟರಲ್ಲಿ ಪಕ್ಕದವಳಿಗೆ ನನ್ನ ಊರು, ಪಗಾರ, ಮಕ್ಕಳೆಷ್ಟು, ಮಂಡಿ ನೋವು ಎಲ್ಲಾ ಗೊತ್ತಾಗಿರುತ್ತದೆ. ಇಲ್ಲಿ ಪಕ್ಕದಲ್ಲಿ ಕೂತವನ ಮುಖವನ್ನು ಒಂದು ವಾರದಲ್ಲಿ ಒಮ್ಮೆಯೂ ಪೂರ್ತಿ ನೋಡಲಿಲ್ಲ.

ಭಾನುವಾರ ಬಟ್ಟೆ ಒಗೆದೆ. ಒಗೆಯುವುದು ಅಂದರೆ ನಮ್ಮ ಹಾಗೆ, ಸ್ನಾನದ ಕೋಣೆಯ ನೆಲಕ್ಕೆ ನಾಲ್ಕು ಸಲ ಬಡಿದು. ಕೆಳಮನೆಯವನು ಮೇಲೆ ಬಂದ. ನಗುನಗುತ್ತ ಗೋಡೆಯ ಕ್ಯಾಲೆಂಡರ್ ಹತ್ತಿರ ಹೋಗಿ ಆ ದಿನದ ಮೇಲೆ ಬೆರಳಿಟ್ಟು ತೋರಿಸಿ, ನಮಸ್ಕಾರ ಮಾಡಿದ ಹಾಗೆ ತಲೆಬಾಗಿ ಇಳಿದುಹೋದ. ಭಾನುವಾರ ಇಡೀ ಊರು ಸದ್ದಿಲ್ಲದೆ ಇರಬೇಕಂತೆ. ನಮ್ಮಲ್ಲಿ ಭಾನುವಾರವೇ ಅಲ್ಲವೇ ಗದ್ದಲ!

ಕಲಿಸುವವಳ ಹೆಸರು ಹೆಲ್ಗಾ. ಅರವತ್ತು ದಾಟಿದ ಹಿರಿಯ ಟೆಕ್ನಿಶಿಯನ್, ನನ್ನಂಥವಳೇ. ಲ್ಯಾಬಿನಲ್ಲೂ ಉಣ್ಣೆಯ ಕಾಲುಚೀಲ ಹಾಕುತ್ತಿದ್ದಳು. ಹನ್ನೆರಡು ಗಂಟೆಗೆ ಸರಿಯಾಗಿ ಒಂದು ಬ್ರೆಡ್ಡು, ಒಂದು ಚೂರು ಚೀಸು ತಿನ್ನುತ್ತಿದ್ದಳು, ನನಗೂ ಅರ್ಧ ಕೊಡುತ್ತಿದ್ದಳು. ಚೆನ್ನಾಗಿದೆ ಎಂದು ಒಮ್ಮೆಯೂ ಹೇಳಲಿಲ್ಲ. ಕೆಲಸ ಸರಿಯಾಗಿದ್ದರೆ ಸುಮ್ಮನಿರುತ್ತಿದ್ದಳು, ತಪ್ಪಿದ್ದರೆ ಗಾಜನ್ನು ನನ್ನ ಕಡೆಗೆ ತಳ್ಳುತ್ತಿದ್ದಳು. ಮೊದಲ ವಾರ ನಾನು ಹೆರೆದ ಪದರಗಳನ್ನು ನೋಡಿ ಸುಮ್ಮನಿದ್ದಳು. ನನಗೆ ಬಿರುದು ಕೊಟ್ಟಷ್ಟು ಹಿಗ್ಗಾಯಿತು.

ಎರಡನೇ ಬುಧವಾರ

ಆ ದಿನ ಕಲಿಯಲು ಬಂದವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಲ್ಯಾಬಿನ ಬಗ್ಗೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಕೇಳುವವರು ಎಂಟು ಜನ. ನಾನು ನಾಲ್ಕು ಜನರ ಮುಂದೆ ಇಂಗ್ಲಿಷ್ ಮಾತಾಡಿದವಳಲ್ಲ. ಬೆಳಿಗ್ಗೆ ಸ್ನಾನ ಮಾಡಿ ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದಾಗ ಅಂಗೈ ತುರಿಸತೊಡಗಿತು. ಆಮೇಲೆ ಕುತ್ತಿಗೆ. ನೋಡುತ್ತೇನೆ, ಗದ್ದದ ಕೆಳಗೆ ಕೆಂಪಗೆ, ದಪ್ಪಗೆ, ಒಂದು, ಎರಡು, ಐದು. ಯವ್ವಾ! ನಲವತ್ತೆಂಟು ವರ್ಷಕ್ಕೆ ನನಗೆ ಮೊದಲ ಸಲ ಪಿತ್ತ ಎದ್ದಿತ್ತು.

ಏನು ಮಾಡಿದೆ ಹೇಳಿ? ಅವ್ವನ ಮಗಳು ಮಾಡುವುದನ್ನೇ ಮಾಡಿದೆ. ಕಂಬಳಿ ತೆಗೆದು ಉಜ್ಜಿದೆ. ಉಜ್ಜಿದಷ್ಟೂ ಎದ್ದವು, ಎದ್ದಷ್ಟೂ ಉಜ್ಜಿದೆ. ಕಿವಿಯವರೆಗೆ ಬಂದ ಮೇಲೆ ಕಣ್ಣಲ್ಲಿ ನೀರು ಬಂತು. ಆಗ ಕೈ ಬಿಟ್ಟೆ. ಕುತ್ತಿಗೆಗೆ ಶಾಲು ಸುತ್ತಿಕೊಂಡು ಹೋದೆ. ಮಾತಾಡುವಾಗ ಶಾಲಿನೊಳಗೆ ಕೆಂಡ ಇಟ್ಟಂತೆ ಉರಿಯುತ್ತಿತ್ತು. ಕೊಪ್ಪಳ ಎಲ್ಲಿದೆ ಎಂದು ಹೇಳಲು ನಕಾಶೆಯಲ್ಲಿ ಬೆರಳಿಟ್ಟೆ. ಅದು ಶ್ರೀಲಂಕಾದ ಮೇಲೆ ಬಿತ್ತು. ಯಾರಿಗೂ ಗೊತ್ತಾಗಲಿಲ್ಲ, ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ಹೆಲ್ಗಾಳನ್ನು ಮೂಲೆಗೆ ಕರೆದೆ. "ನಿಮ್ಮ ಚೀಸು ನನಗೆ ಒಗ್ಗಲಿಲ್ಲ. ನೋಡಿ," ಎಂದು ಶಾಲು ತೆಗೆದೆ.

ಅವಳು ಕನ್ನಡಕ ಏರಿಸಿ ನೋಡಿದಳು. "ಏನನ್ನು ನೋಡಲಿ?"

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡೆ. ಕುತ್ತಿಗೆ ಸ್ವಚ್ಛವಾಗಿತ್ತು. ಒಂದೂ ಇರಲಿಲ್ಲ.

"ಬೆಳಿಗ್ಗೆ ಇದ್ದವು," ಅಂದೆ. "ದೇವರಾಣೆ ಇದ್ದವು. ನಂಬಿ."

ಆ ಮಾತನ್ನು ನಾನು ಮೊದಲೇ ಕೇಳಿದ್ದೆ, ನಮ್ಮ ಲ್ಯಾಬಿನ ಮರದ ಸ್ಟೂಲಿನ ಮೇಲೆ ಕೂತಿದ್ದವಳ ಬಾಯಿಂದ. ನಾನು ಆಗ ಏನು ಮಾಡಿದ್ದೆ? ಎರಡು ದಿನದ ಹಿಂದೆ ಕಣ್ಣಾರೆ ಕಂಡಿದ್ದೂ ನಕ್ಕಿದ್ದೆ.

ಹೆಲ್ಗಾ ನಗಲಿಲ್ಲ. "ಗೊತ್ತು. ಅವು ಹಾಗೆಯೇ. ಬರುತ್ತವೆ, ಕೆಲವು ಗಂಟೆಗಳಲ್ಲಿ ಹೋಗುತ್ತವೆ. ಚೀಸನ್ನು ಒಂಬತ್ತು ದಿನದಿಂದ ತಿನ್ನುತ್ತಿದ್ದೀಯ, ಅದನ್ನು ಬಿಡು," ಅಂದಳು. ನನ್ನ ಮುಂಗೈ ಹಿಡಿದು ಪೆನ್ನಿನ ಮುಚ್ಚಳದ ಅಂಚಿನಿಂದ ಒತ್ತಿ ಒಂದು ಗೆರೆ ಎಳೆದಳು. ಬ್ರೆಡ್ಡು ತಿನ್ನುತ್ತ ಕೂತಳು. ಐದು ನಿಮಿಷದಲ್ಲಿ ಆ ಗೆರೆ ಚರ್ಮದ ಮೇಲೆ ಹಗ್ಗದ ಹಾಗೆ ಉಬ್ಬಿ ನಿಂತಿತು.

"ಉಜ್ಜಿದೆಯಾ ಬೆಳಿಗ್ಗೆ?"

"ಕಂಬಳಿಯಿಂದ," ಅಂದೆ.

ಅವಳು ಬ್ರೆಡ್ಡು ಕೆಳಗಿಟ್ಟಳು. ಇಡೀ ಎರಡು ವಾರದಲ್ಲಿ ಅವಳು ಊಟದ ನಡುವೆ ಬ್ರೆಡ್ಡು ಕೆಳಗಿಟ್ಟದ್ದು ಅದೊಂದೇ ಸಲ.

ಎರಡನೇ ಗುರುವಾರ

ಮರುದಿನ ಶಾರದಾಳ ಬಿಲ್ಲೆಯನ್ನು ಹೆರೆದೆವು. ನಾವು ದಿನಾ ಹಾಕುವುದು ಎರಡು ಬಣ್ಣ, ಒಂದು ನೇರಳೆ, ಒಂದು ಗುಲಾಬಿ. ಹೆಲ್ಗಾ ಅವನ್ನು ಬದಿಗಿಟ್ಟು, ಮೊದಲು ನರಗಳಿಗೆ ಮಾತ್ರ ಹಿಡಿಯುವ ಕಂದು ಬಣ್ಣ ಹಾಕಿಸಿದಳು. ಅದಕ್ಕೇ ಅರ್ಧ ದಿನ ಹೋಯಿತು. ಆಮೇಲೆ ಟೊಲುಯಿಡಿನ್ ಬ್ಲೂ ಎಂಬ ನೀಲಿ. ಗಾಜನ್ನು ತೊಳೆದು, ಒರೆಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ನೋಡು ಎಂದು ಕುರ್ಚಿ ಬಿಟ್ಟುಕೊಟ್ಟಳು.

ಈ ಚರ್ಮವನ್ನು ನಾನು ಮೊದಲೇ ನೋಡಿದ್ದೆ. ಅದರಲ್ಲಿ ಏನೂ ಇರಲಿಲ್ಲ. ಈಗ ತಿಳಿನೀಲಿ ನೆಲದ ಮೇಲೆ ಕಂದು ಎಳೆಯೊಂದು ಹಾದುಹೋಗಿತ್ತು. ಅದು ನರ. ಅದರ ಬದಿಗೆ ತಾಗಿಕೊಂಡು, ನೇರಳೆಹಣ್ಣಿನ ಬಣ್ಣದಲ್ಲಿ, ಹೊಟ್ಟೆತುಂಬ ಕಾಳು ತುಂಬಿದ ಕೋಶಗಳು. ಒಂದು, ಅದರಾಚೆ ಇನ್ನೊಂದು, ರಕ್ತನಾಳದ ಹತ್ತಿರ ಮತ್ತೆರಡು. ಭತ್ತದ ಹಂಗಾಮಿನಲ್ಲಿ ಗಂಗಾವತಿ ರಸ್ತೆಯ ಬದಿಗೆ ಚೀಲ ಇಟ್ಟಿರುತ್ತಾರಲ್ಲ, ನೆನಪಾದದ್ದು ಅದೇ.

"ಮಾಸ್ಟ್ ಕೋಶಗಳು," ಅಂದಳು ಹೆಲ್ಗಾ. "ಅವು ಅಲ್ಲೇ ಇದ್ದವು. ನೀನು ಹಾಕಿದ ಬಣ್ಣದಲ್ಲಿ ಅವು ಸರಿಯಾಗಿ ಕಾಣುವುದಿಲ್ಲ."

ಆಮೇಲೆ ನನ್ನ ಇಂಗ್ಲಿಷಿಗೆ ತಕ್ಕಂತೆ ನಿಧಾನವಾಗಿ ಹೇಳಿದಳು. ನರದ ತುದಿ ಒಂದು ರಸಾಯನ ಬಿಡುತ್ತದೆ. ಅದು ತಾಗಿದರೆ ಪಕ್ಕದ ಮಾಸ್ಟ್ ಕೋಶ ಚೀಲ ಬಿಚ್ಚಿ ಕಾಳು ಚೆಲ್ಲುತ್ತದೆ. ಚೆಲ್ಲಿದ್ದರಲ್ಲಿ ಹಿಸ್ಟಮಿನ್ ಇರುತ್ತದೆ. ಅದರಿಂದ ರಕ್ತನಾಳ ಸೋರುತ್ತದೆ, ಚರ್ಮ ಉಬ್ಬುತ್ತದೆ. ಅದೇ ಹಿಸ್ಟಮಿನ್ ನರವನ್ನು ಕೆರಳಿಸುತ್ತದೆ, ತುರಿಸುತ್ತದೆ. ಕೆರಳಿದ ನರ ಮತ್ತೆ ರಸಾಯನ ಬಿಡುತ್ತದೆ. ಒಂದನ್ನೊಂದು ಎಬ್ಬಿಸುತ್ತಲೇ ಇರುತ್ತವೆ. ಚಿಂತೆ, ಹೆದರಿಕೆ ಬಂದರೆ ನರಗಳ ದಾರಿಯಿಂದ ಆ ಸುದ್ದಿ ಚರ್ಮಕ್ಕೂ ಮುಟ್ಟುತ್ತದೆ. ಕೆಲವರ ಚರ್ಮದಲ್ಲಿ ಬರೀ ಉಜ್ಜಿದರೂ ಚೀಲ ಬಿಚ್ಚುತ್ತದೆ.

"ಅಂದರೆ ಇದರಲ್ಲಿ ರೋಗ ಇದೆಯೆಂದು ಬರೆಯಬಹುದೇ?" ಎಂದು ಕೇಳಿದೆ.

"ಇಲ್ಲ," ಅಂದಳು ಖಡಾಖಂಡಿತ. "ಇಂಥ ಕೋಶ ನಿನ್ನ ಚರ್ಮದಲ್ಲೂ ಇವೆ, ನನ್ನದರಲ್ಲೂ. ಬರೀ ಗಾಜು ನೋಡಿ ಇದನ್ನು ಹೇಳಲಾಗದು. ಆ ಹೆಂಗಸನ್ನು ಕೇಳಬೇಕು. ಅವಳು ಏನಂದಳು?"

"ಉರಿತೈತಿ ಅಂದ್ಲು," ಅಂದೆ, ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲಾ ಮನಸ್ಸಿನಿಂದ ಬಂದದ್ದು ಎಂದು ನಾನು ಹಿರಿಯರ ಮುಂದೆ ಹೇಳಿದ್ದನ್ನೂ ಹೇಳಿದೆ.

"ಮನಸ್ಸೂ ಸೇರಿರಬಹುದು. ಅದಕ್ಕೇನೀಗ? ಮನಸ್ಸಿನಿಂದ ಬಂದರೆ ಸುಳ್ಳೇ? ನಿನ್ನೆ ನಿನ್ನ ಕುತ್ತಿಗೆಯಲ್ಲಿ ಬಂದದ್ದು ಸುಳ್ಳೇ?"

ನನ್ನ ಮೇಲೆ ನನಗೇ ಅಸಹ್ಯವಾಯಿತು. ಇಪ್ಪತ್ತು ವರ್ಷ ಬಣ್ಣ ಹಾಕಿದವಳು ನಾನು, ಬಣ್ಣ ಹಿಡಿಯದ್ದು ಬೇಕಾದಷ್ಟು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆಯವರ ಅಕ್ಕತಂಗಿಯರಾಗಿದ್ದರೆ ಬಾಯಿ ಬಿಡುವ ಮೊದಲು ಎರಡು ಸಲ ಯೋಚಿಸುತ್ತಿದ್ದೆ. ಆ ಗಾಜನ್ನು ಹೆಲ್ಗಾ ಹತ್ತಿಯಲ್ಲಿ ಸುತ್ತಿ ನನಗೆ ಕೊಟ್ಟಳು. ಹೊರಡುವ ದಿನ ಕೈ ಕುಲುಕಿ, "ಕಂಬಳಿ ಹೊದ್ದುಕೊಳ್ಳುವುದಕ್ಕೆ," ಅಂದಳು. ಅಷ್ಟೇ ಅವಳ ಬೀಳ್ಕೊಡುಗೆ.

ಮತ್ತೆ ಕೊಪ್ಪಳ

ಬಂದ ಮರುದಿನ ಫೋನ್ ಮಾಡಿದೆ. ಲ್ಯಾಬಿಗೆ ಬಾ, ಒಂದು ತೋರಿಸುವುದಿದೆ ಅಂದೆ. "ಹೂಂ" ಬಂತು. ಎಂಟು ದಿನದ ಮೇಲೆ ಅವಳೂ ಬಂದಳು. ಚಹಾ ಬೇಡ ಅಂದಳು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ಇದು ನರ, ಇವು ಚೀಲ, ಇವು ಹಿಂಗೆ ಬಿಚ್ಚುತ್ತವೆ ಎಂದು ಹೆಲ್ಗಾ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಕೇಳದೆ ಅವಳ ಚರ್ಮ ಒಯ್ದದ್ದನ್ನೂ ಹೇಳಿದೆ. ಅವಳು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ಇದನ್ನ ನೋಡಾಕ ನೀ ಅಷ್ಟ ದೂರ ಹೋಗಬೇಕಾತೇನಕ್ಕಾ?" ಅಂದಳು. "ನಾ ನಿನ್ನ ಮುಂದನ ಕುಂತಿದ್ನೆಲ್ಲ."

"ತಪ್ಪಾತು ಶಾರಿ."

"ನನಗ್ಯಾಕ ಹೇಳ್ತಿ? ಅದನ್ನ ಎಲ್ಲಿ ಹೇಳಿದ್ದಿ, ಅಲ್ಲೇ ಬಂದು ಹೇಳು."

ಮೇಡಂ ಅವಳನ್ನು ಒಂದು ತಾಸು ಕೂರಿಸಿಕೊಂಡು ಎಲ್ಲಾ ಕೇಳಿ, ಮಾತ್ರೆ ಬರೆದುಕೊಟ್ಟರು. ನೇವರಿಸಿ ಹಚ್ಚಿಕೊಳ್ಳಲು ತಂಪಿನ ಲೋಶನ್ ಕೊಟ್ಟರು. ಶಾರದಾ ಅದನ್ನು ಚೀಲಕ್ಕೆ ಹಾಕಿಕೊಂಡು ನನ್ನ ಕಡೆ ತಿರುಗದೆ ಬಸ್ಸಿಗೆ ಹೋದಳು.

ಮಂಗಳೂರು

ಯುಗಾದಿಗೆ ಅವ್ವನನ್ನು ಕರೆದುಕೊಂಡು ಮಂಗಳೂರಿಗೆ ಹೋದೆ. ಅದೇ ಪಡಸಾಲೆ, ಅದೇ ಹಿರಿಯರು. ಹೋಳಿಗೆ ಊಟ ಮುಗಿದು ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅಲ್ಲಿ ಜರ್ಮನ್ನರ ಮುಂದೆ ನಿಂತದ್ದೇ ಸಲೀಸು.

"ನಾ ಅವತ್ತ ಇಲ್ಲೇ ಕುಂತು ಒಂದ್ ಮಾತು ಹೇಳಿದ್ನಿರಿ, ಶಾರಿಗೆ ಏನೂ ಆಗಿಲ್ಲ ಅಂತ," ಎಂದು ಶುರುಮಾಡಿದೆ. "ಅದು ತಪ್ಪ್ರಿ. ಗಾಜಿನಾಗ ನನಗ ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ. ಆಕಿ ಸುಳ್ಳು ಹೇಳಿಲ್ರಿ. ಸುಳ್ಳು ಹೇಳಿದಾಕಿ ನಾ."

ಶಾರದಾಳ ಅತ್ತೆ ನನ್ನನ್ನೇ ನೋಡುತ್ತಿದ್ದರು. ಮುಖವನ್ನಲ್ಲ, ಮುಖದ ಕೆಳಗೆ.

"ಅಯ್ಯ, ಈಕಿ ಕುತ್ತಿಗಿ ನೋಡ್ರಿ!" ಅಂದರು.

ಮುಟ್ಟಿ ನೋಡಿಕೊಂಡೆ. ಎದ್ದಿದ್ದವು. ಗದ್ದದಿಂದ ಕಿವಿಯವರೆಗೆ. ಹಿರಿಯರು ಒಬ್ಬೊಬ್ಬರೇ ಬಗ್ಗಿ ನೋಡಿದರು. "ಹಿಂಗೇನು ಆಕಿಗೂ ಏಳೋದು?" ಎಂದು ಶಾರದಾಳ ಮಾವ ಮೆಲ್ಲಗೆ ಕೇಳಿದರು. ಶಾರದಾಳ ಅತ್ತೆ ಹೂಂ ಅಂದರು, ಆದರೆ ಈ ಸಲ ನಗಲಿಲ್ಲ. ಅವ್ವ ಆಗಲೇ ಒಳಗೆ ಓಡಿ ಕಂಬಳಿ ಹಿಡಿದುಕೊಂಡು ಬಂದಿದ್ದಳು. ಬಾಗಿಲಲ್ಲಿ ಶಾರದಾ ಅದನ್ನು ಕಿತ್ತುಕೊಂಡಳು.

"ಉಜ್ಜಬ್ಯಾಡಬೇ. ಮುಟ್ಟಬ್ಯಾಡ ಆಕಿನ್ನ."

ನನ್ನನ್ನು ಒಳಗೆ ಕರೆದೊಯ್ದು, ನೆಲದ ಮೇಲೆ ಕೂರಿಸಿ, ತನ್ನ ಚೀಲದಿಂದ ಲೋಶನ್ ತೆಗೆದಳು. ಎರಡು ಬೆರಳಿನಿಂದ, ಒತ್ತದೆ, ಮೇಲೆ ಮೇಲೆ ಹಚ್ಚಿದಳು. ಎರಡು ವರ್ಷದ ಮೇಲೆ ಅವಳ ಕೈ ನನ್ನನ್ನು ಮುಟ್ಟಿತ್ತು. ನನಗೆ ಅಳು ಬಂತು. "ಅಳಬ್ಯಾಡ, ಅತ್ರ ಇನ್ನೂ ಏಳ್ತಾವ," ಎಂದು ಗದರಿದಳು.

ಸಂಜೆ ಹೊತ್ತಿಗೆ ಎಲ್ಲಾ ಇಳಿದಿದ್ದವು. ಹೊಲಕ್ಕೆ ಹೋಗಿದ್ದ ಅವಳ ಮೈದುನ ಆಗ ಬಂದ. ಸುದ್ದಿ ಕೇಳಿ ನನ್ನ ಕುತ್ತಿಗೆಯನ್ನು ಆ ಕಡೆಯಿಂದ, ಈ ಕಡೆಯಿಂದ ನೋಡಿ, "ಎಲ್ಲಿ ಅದಾವ್ರೀ? ಏನೂ ಇಲ್ಲಲ್ಲ," ಅಂದ.

ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿನಿಂದ ಶಾರದಾ ಹೇಳಿದಳು.

"ಇದ್ದುವು. ನಾನೇ ಕಣ್ಣಾರೆ ನೋಡೀನಿ."